ವಿದುಷಿ ಡಾ. ಕಮಲಾ ಸೊಹೊನಿ

ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾದ 1933ನೆಯ ಇಸವಿಯಲ್ಲಿ ನಮ್ಮ ನೇಸರಗಿ ಸೀಮೆಯ ವಿದ್ಯಾರ್ಥಿಗಳಿಗೆ ಪದವಿ ದೊರೆಯುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯದಿಂದ. ಅದೇ ವರ್ಷ ಆ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಕಮಲಾ ಭಾಗವತ ಎಂಬ ತರುಣಿಯು ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರಕ್ಕೆ ಅರ್ಜಿ ಸಲ್ಲಿಸಿದರು. ತಂದೆ ನಾರಾಯಣರಾಯರೂ ಅವರ ಸಹೋದರ ಮಾಧವರಾಯರೂ ಅಲ್ಲಿಯೇ ಕಲಿತ ರಸಾಯನಶಾಸ್ತ್ರಜ್ಞರು. ಆದರೂ ಹೆಣ್ಣೆಂಬ ಒಂದೇ ಕಾರಣಕ್ಕೆ ನಿರ್ದೇಶಕರಾದ ಸರ್ ಸಿ.ವಿ. ರಾಮನ್ನರು ಪ್ರವೇಶ ನಿರಾಕರಿಸಿದರು.

ಕಮಲಾ ಹಿಂದಿರುಗಲಿಲ್ಲ. ನಿರಾಕರಣೆಗೆ ಕಾರಣವನ್ನು ಕೇಳಿ ಪಟ್ಟು ಹಿಡಿದರು. ಕೊನೆಗೆ ರಾಮನ್ನರು ಷರತ್ತುಗಳ ಮೇಲೆ ಒಪ್ಪಿದರು: ಒಂದು ವರ್ಷ ಪರೀಕ್ಷಾರ್ಥವಾಗಿರಬೇಕು, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು, ಪುರುಷ ವಿದ್ಯಾರ್ಥಿಗಳ ಏಕಾಗ್ರತೆಗೆ ಭಂಗ ತರಕೂಡದು! ಮಹಾವಿಜ್ಞಾನಿಯ ಕೀರ್ತಿಗಾಗಿ ಇದನ್ನು ಮುಚ್ಚಿಡುವುದು ಉಚಿತವಲ್ಲ. ಕಮಲಾ ಅವರೂ ವೃದ್ಧಾಪ್ಯದವರೆಗೆ ಈ ಅಪಮಾನವನ್ನು ಮರೆಯಲಿಲ್ಲ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಹಾಗೂ ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಅವರು ನಡೆಸಿದ ಕಾರ್ಯವನ್ನು ಕಂಡು ವರ್ಷ ಕಳೆಯುವುದರೊಳಗೆ ರಾಮನ್ನರೇ ತೃಪ್ತರಾದರು. ಅಲ್ಲಿಂದ ಮುಂದೆ ಸ್ತ್ರೀಯರಿಗೂ ಆ ಸಂಸ್ಥೆಯ ಬಾಗಿಲು ತೆರೆಯಿತು.

ತರುವಾಯ ಕೇಂಬ್ರಿಜ್. ಯೀಸ್ಟ್ ಹಾಗೂ ಬ್ಯಾಕ್ಟೀರಿಯಗಳ ಉಸಿರಾಟದಲ್ಲಿ ಸೈಟೋಕ್ರೋಮುಗಳ ಪಾತ್ರವನ್ನು ಕೀಲಿನ್ನರು 1925ರಲ್ಲಿ ತೋರಿಸಿಕೊಟ್ಟದ್ದು ಅಲ್ಲಿಯೇ. ಕಮಲಾ ಅವರು ಆಲೂಗಡ್ಡೆಯಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಕಂಡು, ಸಸ್ಯಕೋಶದ ಉಸಿರಾಟದಲ್ಲಿಯೂ ಅದಕ್ಕೆ ಪಾತ್ರವುಂಟೆಂದು ತಿಳಿಸಿದರು. ಸುಮಾರು 40 ಪುಟಗಳ ಕಿರುಪ್ರಬಂಧಕ್ಕೆ 1939ರಲ್ಲಿ ಡಾಕ್ಟರೇಟ್ ಸಂದಿತು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಪ್ರಥಮ ಭಾರತೀಯ ಮಹಿಳೆ ಇವರೆಂದು ಅನೇಕರು ಬರೆಯುತ್ತಾರೆ. ಆದರೆ ಜಾನಕಿ ಅಮ್ಮಾಳರು ಮಿಷಿಗನ್ನಿನಿಂದ 1931ರಲ್ಲಿಯೇ ಡಿ.ಎಸ್ಸಿ. ಪಡೆದಿದ್ದರು. ಪ್ರಥಮರೆಂಬ ಪಟ್ಟವಿಲ್ಲದೆಯೂ ಕಮಲಾ ಅವರ ಸಾಧನೆಗೆ ಕುಂದಿಲ್ಲ.

ಸ್ವದೇಶಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿಯೂ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿಯೂ ದುಡಿದರು. 1947ರಲ್ಲಿ ಎಂ.ವಿ. ಸೊಹೊನಿಯವರನ್ನು ವರಿಸಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗವನ್ನು ಕಟ್ಟಿದರು. ರಾಷ್ಟ್ರಪತಿ ರಾಜೇಂದ್ರಪ್ರಸಾದರ ಸೂಚನೆಯಂತೆ ಅವರು ಕೈಗೊಂಡದ್ದು ನೀರಾ ಪಾನೀಯದ ಸಂಶೋಧನೆ. ಮರದಿಂದ ಇಳಿಸಿದ ಈ ಸಿಹಿರಸ ಸೂಕ್ಷ್ಮಜೀವಿಗಳ ದೆಸೆಯಿಂದ ಬಹುಬೇಗ ಹುಳಿತು ಹೆಂಡವಾಗುವುದನ್ನು ನಮ್ಮ ಹಳ್ಳಿಗರೂ ಬಲ್ಲರು. ಹುಳಿಯದ ನೀರಾದಲ್ಲಿಯೂ ಅದರ ಬೆಲ್ಲದಲ್ಲಿಯೂ ಜೀವಸತ್ವಗಳೂ ಕಬ್ಬಿಣದ ಅಂಶವೂ ಇರುವುದನ್ನು ತೋರಿಸಿ, ಅಪೌಷ್ಟಿಕತೆಯಿಂದ ಬಳಲುವ ಗಿರಿಜನ ಬಾಲಕರಿಗೂ ಗರ್ಭಿಣಿಯರಿಗೂ ಅದು ಹಿತಕರವೆಂದು ಅವರು ಸಿದ್ಧಪಡಿಸಿದರು. ಇದಕ್ಕೆ ರಾಷ್ಟ್ರಪತಿ ಪ್ರಶಸ್ತಿ ದೊರೆಯಿತು.

ಇಷ್ಟಾದರೂ ಆ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ದೊರೆತದ್ದು ನಾಲ್ಕು ವರ್ಷ ತಡವಾಗಿ. ನಿವೃತ್ತಿಯ ಅನಂತರ ಬಳಕೆದಾರರ ಸಂಘದಲ್ಲಿ ಸೇರಿ ಆಹಾರದ ಕಲಬೆರಕೆಯ ವಿರುದ್ಧ ಜನರನ್ನು ಎಚ್ಚರಿಸಿದರು. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೆಹಲಿಯಲ್ಲಿ ಏರ್ಪಡಿಸಿದ್ದ ಸನ್ಮಾನ ಸಮಾರಂಭದಲ್ಲಿಯೇ ಕುಸಿದ ಆ ವಯೋವೃದ್ಧೆ ಕೆಲವೇ ದಿನಗಳಲ್ಲಿ ಕಾಲವಶರಾದರು.