ಗುಸ್ತಾವ್ ಹರ್ಮನ್ ಕ್ರುಂಬಿಗಲ್

ಗುಸ್ತಾವ್ ಹರ್ಮನ್ ಕ್ರುಂಬಿಗಲ್ (1865–1956) ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಜರ್ಮನ್ ಸಸ್ಯತಜ್ಞರು ಹಾಗೂ ಉದ್ಯಾನ ವಿನ್ಯಾಸಕಾರರು.

ಜೀವನ

ಡ್ರೆಸ್ಡೆನ್ ಸಮೀಪದ ಲೋಹ್ಮೆನ್‌ನಲ್ಲಿ ಜನಿಸಿದ ಇವರು ಲಂಡನ್ನಿನ ಹೈಡ್ ಪಾರ್ಕ್ ಹಾಗೂ ಕ್ಯೂ ಸಸ್ಯೋದ್ಯಾನಗಳಲ್ಲಿ ದುಡಿದು, 1893ರಲ್ಲಿ ಬರೋಡ ಸಂಸ್ಥಾನಕ್ಕೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇರೆಗೆ 1908ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನ ಹೊಣೆ ವಹಿಸಿಕೊಂಡು, 1932ರಲ್ಲಿ ನಿವೃತ್ತರಾದರು. ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಜರ್ಮನ್ ಮೂಲದವರೆಂಬ ಕಾರಣಕ್ಕೆ ಬ್ರಿಟಿಷರು ಇವರನ್ನು ಬಂಧನದಲ್ಲಿಟ್ಟರು. ಆದರೂ ತಾಯ್ನಾಡಿಗೆ ಮರಳದೆ ಬೆಂಗಳೂರಿನಲ್ಲಿಯೇ ನೆಲೆಸಿ, 1956ರ ಫೆಬ್ರವರಿ 8ರಂದು ನಿಧನರಾದರು.

ವಿನ್ಯಾಸ ಕ್ರಮ

ನೆಲದ ಸ್ವರೂಪಕ್ಕೆ ತಕ್ಕಂತೆ ಇವರ ವಿನ್ಯಾಸವೂ ಬದಲಾಗುತ್ತಿತ್ತು. ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದಲ್ಲಿ ನೆಲವನ್ನು ಮೆಟ್ಟಿಲುಗಳಂತೆ ಹಂತಹಂತವಾಗಿ ರೂಪಿಸಿ, ಕಾಲುವೆ ಮತ್ತು ಕಾರಂಜಿಗಳಿಗೆ ಎಡೆಮಾಡಲಾಯಿತು. ಬೆಂಗಳೂರಿನ ರಸ್ತೆಗಳ ಅಂಚಿನಲ್ಲಾದರೋ ಸಾಲುಮರಗಳೇ ಉದ್ಯಾನವಾದವು. ಒಂದು ಜಾತಿಯ ಮರ ಹೂಬಿಟ್ಟು ಮುಗಿಯುವ ವೇಳೆಗೆ ಇನ್ನೊಂದು ಜಾತಿಯ ಮರ ಅರಳುವಂತೆ ಸಸಿಗಳನ್ನು ಆಯ್ದು ನೆಡಿಸಿದರು. ಇದರಿಂದ ನಗರದಲ್ಲಿ ವರ್ಷದ ಬಹುಕಾಲ ಹೂವು ಕಾಣುವಂತಾಯಿತು.

ಸ್ಮರಣೆ

ಇವರ ಸಮಾಧಿಯು ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಲಾಲ್‌ಬಾಗ್ ಬಳಿಯ ರಸ್ತೆಯೊಂದಕ್ಕೆ ಇವರ ಹೆಸರನ್ನಿಡಲಾಗಿದೆ.