ಬೆನಗಲ್ ನರಸಿಂಗರಾಯರು

ಸರಕಾರಿ ಕಚೇರಿಗಳಲ್ಲಿ ನವೆಂಬರ 26ರಂದು ರಾಜ್ಯಘಟನೆಯ ಪೀಠಿಕೆಯನ್ನು ಎದ್ದು ನಿಂತು ಓದುವ ಪದ್ಧತಿಯು 2015ರಿಂದ ನಡೆದುಬಂದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಮ್ಮ ವಾಚಕರಲ್ಲಿ ಅನೇಕರು ಅದರಲ್ಲಿ ಭಾಗಿಗಳಾಗಿರುವರು. ಆದರೆ ನಾಲ್ಕೇ ದಿನಗಳ ತರುವಾಯ ಬರುವ ನವೆಂಬರ 30, ಆ ಘಟನೆಯ ಮೊದಲ ಕರಡನ್ನು ಸಿದ್ಧಪಡಿಸಿದ ಕರ್ನಾಟಕದ ಒಬ್ಬ ಮಹನೀಯರ ಪುಣ್ಯತಿಥಿಯೆಂಬುದನ್ನು ಬಲ್ಲವರು ವಿರಳ. ಡಾಕ್ಟರ ಅಂಬೇಡಕರರ ಕೀರ್ತಿಗೆ ಇದರಿಂದ ಲೇಶವೂ ಕುಂದಿಲ್ಲ. ಕೊನೆಯ ಭಾಷಣದಲ್ಲಿ ರಾಯರ ಋಣವನ್ನು ಸಭೆಯ ಮುಂದೆ ಒಪ್ಪಿಕೊಂಡವರು ಸ್ವತಃ ಅವರೇ.

ನರಸಿಂಗರಾಯರು 1887ನೆಯ ಇಸವಿಯ ಫೆಬ್ರುವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ರಾಘವೇಂದ್ರರಾಯರು ವೈದ್ಯರು. ಕೆನರಾ ಹೈಸ್ಕೂಲಿನಲ್ಲಿ ಓದಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ, ಸಂಸ್ಕೃತಾದಿ ವಿಷಯಗಳಲ್ಲಿ ಅಗ್ರಗಣ್ಯರೆನಿಸಿ, ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಜವಾಹರಲಾಲ ನೆಹರೂ ಅವರೂ ಆಗ ಅಲ್ಲಿಯ ವಿದ್ಯಾರ್ಥಿಗಳು. 1909ರಲ್ಲಿ ರಾಯರು ಆಯ್.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂಗಾಲದಲ್ಲಿಯೂ ಮುಂದೆ ಆಸಾಮದಲ್ಲಿಯೂ ಕೆಲಸ ಮಾಡಿದರು. ಕಾಯಿದೆಯ ಭಾಷೆಯನ್ನು ತಿದ್ದುವುದರಲ್ಲಿ ಅವರಿಗೆ ಸಮನಾದವರು ಆಗಿನ ಹಿಂದುಸ್ಥಾನದಲ್ಲಿ ಕಡಿಮೆ. 1939ರಲ್ಲಿ ಕಲಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಅವರ ಬಂಧು ರಾಮರಾಯರು ರಿಜರ್ವ್ ಬ್ಯಾಂಕಿನ ಗವರ್ನರರು, ಶಿವರಾಯರು ಪತ್ರಕರ್ತರು. ಒಂದೇ ಮನೆಯ ಭಾಗ್ಯವು ಇಷ್ಟು.

ಇಲ್ಲಿ ನಮ್ಮ ಪ್ರಾಂತದವರು ಒಂದು ಪ್ರಶ್ನೆಯನ್ನು ಎತ್ತಬಹುದು. ನಾವೇ ಅದನ್ನು ಎತ್ತಿಕೊಂಡಿದ್ದೇವೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಡನೆ ಗುಂಡಿಗೆ ಎದೆಯೊಡ್ಡಿದ ಕಾಲದಲ್ಲಿ ರಾಯರು ಆಳುವವರ ನ್ಯಾಯಪೀಠದ ಮೇಲಿದ್ದರು, ‘ಸರ್’ ಪದವಿಯನ್ನೂ ಪಡೆದಿದ್ದರು. ಮೋಟೆಬೆನ್ನೂರಿನ ಆ ವೀರನ ನಾಡಿನಲ್ಲಿ ಇಂಥವರನ್ನು ಹೊಗಳುವುದು ಹೇಗೆ? ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದೇ ನಮ್ಮ ಮತ. ಪ್ರಾಣ ಕೊಟ್ಟವರಿಗೆ ಸರಿದೊರೆಯಿಲ್ಲ. ಆದರೆ ಬಂದ ಸ್ವಾತಂತ್ರ್ಯಕ್ಕೆ ಕಲಮುಗಳನ್ನು ಬರೆಯಬಲ್ಲವರೂ ಬೇಕಾಗಿದ್ದರು. 1946ರಲ್ಲಿ ರಾಜ್ಯಘಟನಾ ಸಲಹೆಗಾರರಾಗಿ ನಿಂತ ರಾಯರು ಆ ಕೆಲಸಕ್ಕೆ ವೇತನವನ್ನು ಮುಟ್ಟಲಿಲ್ಲ.

ಅದಕ್ಕಿಂತ ಮುಂಚಿನ ಒಂದು ಕಾರ್ಯವು ತುಂಗಭದ್ರೆ, ವರದೆಯರ ದಂಡೆಯ ರೈತರಿಗೆ ಹತ್ತಿರದ್ದು. ಪಂಜಾಬದವರು ಮೇಲೆ ಅಣೆಕಟ್ಟು ಕಟ್ಟಿದರೆ ತಮಗೆ ನೀರು ಉಳಿಯದೆಂದು ಸಿಂಧ ಪ್ರಾಂತವು ದೂರಿಕೊಂಡಾಗ, 1941ರಲ್ಲಿ ನೇಮಿತವಾದ ಆಯೋಗಕ್ಕೆ ರಾಯರೇ ಅಧ್ಯಕ್ಷರು. ಮೇಲಿದ್ದವನೇ ನೀರಿಗೆ ಒಡೆಯನೆಂಬ ವಾದವನ್ನೂ, ಹರಿದುಬರುವ ನೀರು ಕಿಂಚಿತ್ತೂ ಕುಂದಕೂಡದೆಂಬ ಕೆಳಗಿನವನ ವಾದವನ್ನೂ ಅವರು ಮನ್ನಿಸಲಿಲ್ಲ. ಪ್ರತಿಯೊಬ್ಬರ ಅಗತ್ಯವನ್ನು ನೋಡಿ ನ್ಯಾಯವಾಗಿ ಹಂಚಿಕೊಳ್ಳಬೇಕೆಂಬುದು ಅವರ ನಿರ್ಣಯ. ಪ್ರಾಂತಗಳೆರಡೂ ಒಪ್ಪದೆ ಮೇಲಕ್ಕೆ ಹೋದವು. ಇತ್ಯರ್ಥವಾಗುವ ಮೊದಲೇ ದೇಶವೇ ಎರಡಾಯಿತು. ಆದರೂ ಸಮನ್ಯಾಯದ ಹಂಚಿಕೆಯ ತತ್ತ್ವವು ಉಳಿಯಿತು. 1969ರಲ್ಲಿ ನೇಮಿತವಾದ ಕೃಷ್ಣಾ ನ್ಯಾಯಮಂಡಲಿಯೂ ಅದನ್ನೇ ಹಿಡಿಯಿತು. ಗಳಗನಾಥದಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವುದನ್ನು ಕಂಡವರಿಗೆ ಈ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಕಾಶ್ಮೀರದ ದಿವಾನಗಿರಿಯು ಅಲ್ಪಕಾಲದ್ದು; ಮಹಾರಾಜರೊಡನೆ ಹೊಂದಿಕೆಯಾಗದೆ 1945ರಲ್ಲಿ ಬಿಟ್ಟುಬಂದರು. ಬಳಿಕ ಬ್ರಹ್ಮದೇಶದ ಘಟನೆಗೂ ನೆರವಾಗಿ, 1947ರ ಅಕ್ಟೋಬರದಲ್ಲಿ ನಮ್ಮ ಘಟನೆಯ ಕರಡನ್ನು ಮುಗಿಸಿ, ಅಮೇರಿಕ, ಕೆನಡಾ, ಐರ್ಲಂಡ, ಇಂಗ್ಲಂಡಗಳನ್ನು ಸುತ್ತಿ ಪಂಡಿತರನ್ನು ವಿಚಾರಿಸಿದರು. ವಾಶಿಂಗ್ಟನ್ನಿನಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು, ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ಕಾಯಿದೆಯು ನ್ಯಾಯಸಮ್ಮತವೇ ಎಂದು ಪರೀಕ್ಷಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡುವುದು ಸರಿಯಲ್ಲವೆಂದರು. ರಾಯರು ಅದನ್ನು ಮನಗಂಡು ಬಂದರು. 21ನೆಯ ಕಲಮಿನಲ್ಲಿ ಕಾಯಿದೆ ಗೊತ್ತುಮಾಡಿದ ಕ್ರಮವೊಂದಿದ್ದರೆ ಸಾಕೆಂಬಂತಾಯಿತು. ಈ ಒಂದು ಸಂಗತಿಯಲ್ಲಿ ನಾವು ರಾಯರನ್ನು ಒಪ್ಪಲಾರೆವು. ವಿಚಾರಣೆಯಿಲ್ಲದೆ ಹಿಂಡಲಗಿಯ ಜೇಲಿನಲ್ಲಿ ಕೊಳೆತವರ ಊರುಗಳು ನಮ್ಮವು. ಆ ಕ್ರಮವು ನ್ಯಾಯವಾದದ್ದೂ ಆಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳುವುದಕ್ಕೆ 1978ರ ತನಕ ಕಾಯಬೇಕಾಯಿತು.

ಇನ್ನು ರಾಜದೂತತನ. ಸಂಯುಕ್ತ ರಾಷ್ಟ್ರಸಂಘದಲ್ಲಿ ಅವರು ಭಾರತದ ಪ್ರತಿನಿಧಿಯಾಗಿದ್ದಾಗ, 1950ರ ಜೂನ್ ತಿಂಗಳಿನ ಭದ್ರತಾ ಮಂಡಲಿಯ ಅಧ್ಯಕ್ಷತೆಯು ಸರದಿಯಂತೆ ಭಾರತಕ್ಕೆ ಬಂದಿತ್ತು. 25ನೆಯ ತಾರೀಖಿಗೆ ಉತ್ತರ ಕೊರಿಯದ ಸೈನ್ಯವು ದಕ್ಷಿಣದ ಮೇಲೆ ಬಿತ್ತು. ರವಿವಾರದ ಸಭೆ, ರಶಿಯದ ಕುರ್ಚಿ ಬರಿದು, ಏಕೆಂದರೆ ಚೀನದ ಸ್ಥಾನದ ವಿವಾದದಿಂದ ಅವರು ಜನವರಿಯಿಂದಲೇ ಹೊರಗಿದ್ದರು. ಯುದ್ಧ ನಿಲ್ಲಿಸಿರೆಂಬ ಠರಾವಿಗೆ ರಾಯರು ಮತವಿತ್ತರು. ಎರಡು ದಿನಗಳ ಮೇಲೆ ದಕ್ಷಿಣಕ್ಕೆ ಶಸ್ತ್ರಸಹಾಯ ಮಾಡುವ ಠರಾವು ಬಂದಾಗ ದಿಲ್ಲಿಯ ಅಪ್ಪಣೆ ತಲುಪಿರಲಿಲ್ಲ. ಅಧ್ಯಕ್ಷಪೀಠದಲ್ಲಿದ್ದೂ ರಾಯರು ಮತ ಹಾಕದೆ ಉಳಿದರು. ತನ್ನ ಬುದ್ಧಿಯನ್ನು ದೇಶದ ನಿರ್ಣಯಕ್ಕಿಂತ ಮುಂದೆ ಓಡಿಸದ ಈ ಸಂಯಮವನ್ನು ಅಂಜಿಕೆಯೆಂದು ಕರೆಯುವುದು ತಪ್ಪು. ಸರಕಾರವು ತರುವಾಯ ಆ ಠರಾವನ್ನು ಒಪ್ಪಿತು. ಸೈನ್ಯವನ್ನು ಕಳುಹದೆ ವೈದ್ಯರ ತುಕಡಿಯನ್ನು ಕಳುಹಿತು.

ಡಿಸೆಂಬರದಲ್ಲಿ ಇರಾಣದ ಎಂತೆಜಾಮ, ಕೆನಡಾದ ಪಿಯರ್ಸನ್, ನಮ್ಮ ರಾಯರು, ಈ ಮೂವರ ಮೇಲೆ ಕದನವಿರಾಮದ ಹೊಣೆ ಬಿತ್ತು. ಚೀನದ ಪ್ರತಿನಿಧಿಯು ಅವರ ಮಾತನ್ನು ಕೇಳಲೊಪ್ಪಲಿಲ್ಲ. ಕೆಲಸವು ಆ ವರ್ಷ ಕೈಗೂಡಲಿಲ್ಲ.

1952ರಲ್ಲಿ ರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ದೇಹವು ಸೋತಿತ್ತು. 1953ರ ಜುಲೈ 27ರಂದು ಕೊರಿಯದಲ್ಲಿ ಶಸ್ತ್ರಗಳು ನಿಂತವು. ಅಲ್ಲಿಯ ಯುದ್ಧಕೈದಿಗಳ ವ್ಯವಸ್ಥೆಗೆ ಹೋದ ಆಯೋಗದ ಮುಖ್ಯಸ್ಥರು ಕೊಡಗಿನ ಜನರಲ್ ತಿಮ್ಮಯ್ಯನವರು. ಅವರು ಅಲ್ಲಿ ಆ ಕೆಲಸದಲ್ಲಿ ತೊಡಗಿರುವಾಗಲೇ, ನವೆಂಬರ 30ರಂದು, ನರಸಿಂಗರಾಯರು ಸ್ವಿಟ್ಜರ್ಲಂಡಿನ ಜ್ಯೂರಿಕ್ ಪಟ್ಟಣದಲ್ಲಿ ತೀರಿಕೊಂಡರು.