ಟ್ಯೂರಿಂಗ್ ಮತ್ತು ನಮ್ಮ ಟೆಸ್ಟ್ ಫೋಲ್ಡರ್

ಮೇವನ್‌ನಲ್ಲಿ ಜಾವಾ ಪ್ರಾಜೆಕ್ಟ್ ಶುರು ಮಾಡಿದ್ರೆ ಸೋರ್ಸ್ ಫೋಲ್ಡರ್ ಒಳಗೆ ಎರಡು ಭಾಗ ಇರುತ್ತೆ. ಮೇನ್‌ನಲ್ಲಿ ನಮ್ಮ ಕೋಡ್, ಟೆಸ್ಟ್‌ನಲ್ಲಿ ಅದನ್ನ ಪರೀಕ್ಷೆ ಮಾಡೋ ಕೋಡ್. ಸಬ್ಮಿಷನ್ ದಿನ ನೋಡಿದ್ರೆ ಮೊದಲನೆಯದು ತುಂಬಿರುತ್ತೆ, ಎರಡನೆಯದು ಬಹಳಷ್ಟು ಸಲ ಖಾಲಿ. ಬರೆಯೋ ಕೆಲಸ ಬೇರೆ, ಪರೀಕ್ಷಿಸೋ ಕೆಲಸ ಬೇರೆ ಅಂತ ಕಂಪ್ಯೂಟರ್ ಹುಟ್ಟಿದ ಹೊಸದರಲ್ಲೇ ಯೋಚಿಸಿದವರು ಅಲನ್ ಟ್ಯೂರಿಂಗ್.

ಅವರು ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್‌ನಲ್ಲಿ. ಆದರೆ ಮನೆಯವರಿಗೆ ನಮ್ಮ ಕಡೆಯ ನಂಟಿತ್ತು. ತಂದೆ ಜೂಲಿಯಸ್ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐಸಿಎಸ್ ಅಧಿಕಾರಿ, ಬಳ್ಳಾರಿ ಕಡೆಯೂ ಕೆಲಸ ಮಾಡಿದವರು. ತಾಯಿ ಸಾರಾ ಹುಟ್ಟಿದ್ದು ಕೊಯಮತ್ತೂರು ಹತ್ತಿರದ ಪೋತನೂರಿನಲ್ಲಿ. ತಾತ ಮದ್ರಾಸ್ ರೈಲ್ವೆಯ ಚೀಫ್ ಇಂಜಿನಿಯರ್. ತಂದೆ ತಾಯಿ ಇಂಡಿಯಾದಲ್ಲಿದ್ದಾಗ ಅಲನ್ ಮತ್ತು ಅಣ್ಣ ಜಾನ್ ಇಂಗ್ಲೆಂಡ್‌ನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು.

1931ರಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು ಸೇರಿದ ಅಲನ್, 1936ರಲ್ಲಿ ಬರೆದ ಪ್ರಬಂಧವನ್ನೇ ನಾವು ಇವತ್ತು ಟ್ಯೂರಿಂಗ್ ಮಷಿನ್ ಅಂತ ಓದೋದು. ಆಗ ಅವರಿಗೆ 23 ವರ್ಷ. ಎರಡನೇ ಮಹಾಯುದ್ಧ ಶುರುವಾದಾಗ ಬ್ಲೆಚ್ಲಿ ಪಾರ್ಕ್‌ಗೆ ಹೋದರು. ಜರ್ಮನ್ನರ ಎನಿಗ್ಮಾ ಸಂಕೇತ ಒಡೆಯಲು ಅವರು ರೂಪಿಸಿದ ಯಂತ್ರದ ಹೆಸರು ಬಾಂಬ್. ಅದು ಒಂದು ಕಡೆ ನಿಂತಿತು ಅಂದ್ರೆ ಉತ್ತರ ಸಿಕ್ಕಿತು ಅಂತಲ್ಲ, ಇದು ಉತ್ತರ ಇರಬಹುದು ಅಂತ ಮಾತ್ರ. ಆ ಸೆಟ್ಟಿಂಗ್ ಸರಿಯೋ ಅಲ್ಲವೋ ಅಂತ ನೋಡೋಕೆ ಬೇರೆ ಯಂತ್ರವೇ ಇತ್ತು.

ಯುದ್ಧ ಮುಗಿದ ಮೇಲೆ ಕಂಪ್ಯೂಟರ್ ಕಟ್ಟುವ ಕೆಲಸಕ್ಕೆ ಇಳಿದರು, 1948ರಲ್ಲಿ ಮ್ಯಾಂಚೆಸ್ಟರ್ ಸೇರಿದರು. 1949ರ ಜೂನ್ 24ರಂದು, 37 ತುಂಬಿದ ಮರುದಿನ, ಕೇಂಬ್ರಿಡ್ಜ್‌ನಲ್ಲಿ ನಡೆದ ಸಮ್ಮೇಳನದಲ್ಲಿ ದೊಡ್ಡ ಪ್ರೋಗ್ರಾಂ ಸರಿಯಿದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ ಅಂತ ಮಾತಾಡಿದರು. ಅದಕ್ಕೆ ಕೊಟ್ಟ ಹೋಲಿಕೆ ಒಂದು ಕೂಡುವ ಲೆಕ್ಕ. ನಾಲ್ಕಂಕಿಯ ಐದು ಸಂಖ್ಯೆಗಳನ್ನ ಕೂಡಿ ಬರೀ ಉತ್ತರ ಕೊಟ್ಟರೆ, ಪರೀಕ್ಷಿಸುವವರು ಪೂರ್ತಿ ಲೆಕ್ಕ ಮತ್ತೆ ಮಾಡಬೇಕು. ಪ್ರತಿ ಕಾಲಂನ ಕ್ಯಾರಿಯನ್ನೂ ಬರೆದಿಟ್ಟರೆ ಒಂದೊಂದು ಕಾಲಂ ಬೇರೆ ಬೇರೆಯಾಗಿ ನೋಡಬಹುದು. ಹಾಗೇ ಪ್ರೋಗ್ರಾಂ ಬರೆದವರು ನಡುನಡುವೆ, ಈ ಜಾಗದಲ್ಲಿ ಈ ಬೆಲೆ ಇಷ್ಟಿರಬೇಕು ಅಂತ ಬರೆದಿಡಬೇಕು, ಬೇರೆಯವರು ಅವನ್ನ ಒಂದೊಂದಾಗಿ ಪರೀಕ್ಷಿಸಬೇಕು. ಗುಣಾಕಾರ ಇಲ್ಲದೆ ಬರೀ ಕೂಡುತ್ತಾ ಫ್ಯಾಕ್ಟೋರಿಯಲ್ ಕಂಡುಹಿಡಿಯುವ ಪ್ರೋಗ್ರಾಂ ಇಟ್ಟುಕೊಂಡು ಇದನ್ನ ತೋರಿಸಿದರು.

1952ರಲ್ಲಿ, ಇನ್ನೊಬ್ಬ ಗಂಡಸಿನ ಜೊತೆ ಸಂಬಂಧ ಇತ್ತು ಅನ್ನೋ ಕಾರಣಕ್ಕೆ ಕೋರ್ಟ್ ಅವರನ್ನ ಅಪರಾಧಿ ಅಂತು. ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆ ಒಪ್ಪಿಕೊಳ್ಳಬೇಕಾಯಿತು. 1954ರ ಜೂನ್ 7ರಂದು ಸಯನೈಡ್‌ನಿಂದ ತೀರಿಕೊಂಡರು. ತನಿಖೆ ಅದನ್ನ ಆತ್ಮಹತ್ಯೆ ಅಂತ ತೀರ್ಮಾನಿಸಿತು. ವಯಸ್ಸು 41. ಯುದ್ಧದಲ್ಲಿ ಮಾಡಿದ ಕೆಲಸ ಇನ್ನೂ ಗುಟ್ಟಾಗಿತ್ತು. ಬ್ರಿಟನ್ ಅಧಿಕೃತವಾಗಿ ಕ್ಷಮಾದಾನ ಕೊಟ್ಟಿದ್ದು 2013ರಲ್ಲಿ.

ಆ 1949ರ ಬರಹವನ್ನೂ ಜನ ಮರೆತಿದ್ದರು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಇಂಥದೇ ವಿಚಾರಕ್ಕೆ ತಾವಾಗಿಯೇ ಬಂದರು. ಅಚ್ಚಾದ ಪ್ರತಿಯಲ್ಲಿ ಎಷ್ಟೋ ತಪ್ಪು ನುಸುಳಿದ್ದವು. 1984ರಲ್ಲಿ ಇಬ್ಬರು ಸಂಶೋಧಕರು ಕೂತು ಅದನ್ನ ತಿದ್ದಿದರು. ಪರೀಕ್ಷೆ ಮಾಡೋದು ಹೇಗೆ ಅಂತ ಹೇಳಿದ ಬರಹಕ್ಕೂ ಎರಡನೇ ಕಣ್ಣು ಬೇಕಾಯ್ತು!

ಟ್ಯೂರಿಂಗ್ ಹೇಳಿದ್ದು ಜೆಯೂನಿಟ್ ಅಲ್ಲ, ಕಾಗದದ ಮೇಲೆ ಮಾಡೋ ಪುರಾವೆ. ಆದರೆ ನಮ್ಮ ಎರಡು ಫೋಲ್ಡರ್‌ಗಳೂ ಆ ಎರಡು ಕೆಲಸಗಳನ್ನ ಬೇರೆ ಇಡ್ತವೆ. ಟೆಸ್ಟ್ ಕೋಡ್ ಮೇನ್ ಕೋಡನ್ನ ಬಳಸಬಹುದು, ಮೇನ್ ಟೆಸ್ಟನ್ನ ಬಳಸೋ ಹಾಗಿಲ್ಲ. ಕಂಪೈಲ್ ಆದ ಫೈಲುಗಳೂ ಬೇರೆ ಬೇರೆ ಕಡೆ ಹೋಗ್ತವೆ, ಕೊನೆಗೆ ಸಿಗೋ ಜಾರ್ ಫೈಲ್‌ನಲ್ಲಿ ಟೆಸ್ಟ್ ಇರಲ್ಲ. ಫೋಲ್ಡರ್‌ಗಳನ್ನ ಮೇವನ್ ಹೇಳಿದ ಜಾಗದಲ್ಲೇ ಇಟ್ಟರೆ ಇದಕ್ಕೆ ಬೇರೆ ಸೆಟ್ಟಿಂಗ್ ಬೇಕಿಲ್ಲ. ಮುಂದಿನ ಮಿನಿ ಪ್ರಾಜೆಕ್ಟ್‌ನಲ್ಲಿ ನೀವು ಬರೆದ ಕೋಡ್‌ಗೆ ಟೆಸ್ಟ್ ಬರೆಯೋ ಕೆಲಸ ಟೀಮ್‌ನ ಇನ್ನೊಬ್ಬರಿಗೆ ಕೊಡಿ, ಅವರದ್ದು ನೀವು ತಗೊಳ್ಳಿ.